ಒಲೆಯನ್ನು ಮನೆಯಲ್ಲೇ ಬಿಟ್ಟು ಹೊರಟ ತಿಂಡಿ

ಓವನ್ ಬೇಡ, ಒಲೆ ಹಚ್ಚಬೇಕಿಲ್ಲ, ಹತ್ತು ನಿಮಿಷ ಸಾಕು ಎಂದು ಹೇಳಿಕೊಡುವ ತಿಂಡಿಗಳ ಕಾಲ ಇದು. ಖರ್ಜೂರ, ಓಟ್ಸ್, ಪೀನಟ್ ಬಟರ್, ಒಂದಿಷ್ಟು ಬಾದಾಮಿ ಸೇರಿಸಿ ಮಿಕ್ಸಿಯಲ್ಲಿ ತಿರುವಿ ಉಂಡೆ ಕಟ್ಟಿದರೆ ಆಫೀಸಿಗೋ ಚಾರಣಕ್ಕೋ ಒಯ್ಯುವ ಶಕ್ತಿಯುಂಡೆ ಸಿದ್ಧ. ಇದಕ್ಕೆ ನಮ್ಮ ಕಡೆಯ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ತಂಬಿಟ್ಟು, ಹುರಿಹಿಟ್ಟು, ಎಳ್ಳುಂಡೆ ಇರುವಾಗ ಇದರಲ್ಲಿ ಹೊಸದೇನು? ಎರಡು ಮಾತಿನಲ್ಲೂ ಅರ್ಧರ್ಧ ನಿಜವಿದೆ. ಕನ್ನಡ ನಾಡಿನ ಮನೆಗಳಲ್ಲಿ ಓವನ್ ಎಂಬುದೇ ಇರಲಿಲ್ಲವಾದ್ದರಿಂದ ಅದಿಲ್ಲದೆ ಮಾಡಿದ್ದೇವೆ ಎಂಬ ಹೆಗ್ಗಳಿಕೆಗೆ ಇಲ್ಲಿ ಅರ್ಥವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಬೆಂಕಿ ಎಲ್ಲಿ ಉರಿಯಿತು, ಯಾವಾಗ ಉರಿಯಿತು? ನಮ್ಮ ಹಳೆಯ ದಾರಿತಿಂಡಿಗಳು ಬೆಂಕಿ ಕಾಣದೆ ಆದವಲ್ಲ. ಬೆಂಕಿಯ ಕೆಲಸವನ್ನೆಲ್ಲ ಮೊದಲೇ ಒಂದು ಸಲ ಮನೆಯಲ್ಲೋ ಭಟ್ಟಿಯಲ್ಲೋ ಮುಗಿಸಿಟ್ಟು, ದಾರಿಯಲ್ಲಿ ಒಲೆಯ ಹಂಗಿಲ್ಲದಂತೆ ಮಾಡಿಕೊಂಡದ್ದು ಅವುಗಳ ಜಾಣ್ಮೆ. ಆ ಜಾಣ್ಮೆಯ ಹಿಂದೆ ಸೌದೆಯ ಲೆಕ್ಕವಿತ್ತು, ನೀರಿನ ಲೆಕ್ಕವಿತ್ತು, ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದು ಎಂಬ ಜಾತಿಯ ಲೆಕ್ಕವೂ ಇತ್ತು ಎಂಬುದು ನನ್ನ ವಾದ.

ಮೊದಲು ಕೆಲಸದ ಬಗೆ ನೋಡೋಣ. ರಾಗಿ ಹುರಿಹಿಟ್ಟಿಗೆ ರಾಗಿಯನ್ನು ತೊಳೆದು, ತೇವ ಒಳಗಿಳಿಯುವಷ್ಟು ಹೊತ್ತು ಬಿಟ್ಟು, ಚೆನ್ನಾಗಿ ಕಾದ ಬಾಣಲೆಯಲ್ಲೋ ಬಿಸಿ ಮರಳಿನಲ್ಲೋ ಹುರಿಯುತ್ತಾರೆ. ಕಾಳಿನೊಳಗಿನ ತೇವ ಆವಿಯಾಗಿ ಸಿಡಿದಾಗ ರಾಗಿ ಬಿಳಿಯ ಅರಳಾಗುತ್ತದೆ. ಅದನ್ನು ಬೀಸಿದರೆ ಹುರಿಹಿಟ್ಟು. ಭತ್ತವನ್ನು ಸಿಪ್ಪೆಯ ಸಮೇತ ಹುರಿದು ಸಿಡಿಸಿದರೆ ಅರಳು. ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ. ಕುಸುಬಲು ಮಾಡಿದ ಅಕ್ಕಿಗೆ ಉಪ್ಪು ಹಿಡಿಸಿ ಕಾದ ಮರಳಿಗೆ ಹಾಕಿದರೆ ಮಂಡಕ್ಕಿ, ಮೈಸೂರು ಕಡೆಯವರ ಪುರಿ. ಉತ್ತರ ಕರ್ನಾಟಕದಲ್ಲಿ ಜೋಳವನ್ನು ಅಳ್ಳು ಮಾಡಿ ಬೀಸಿದ ಅಳ್ಳಿಟ್ಟೂ ಇದೇ ಕುಲದ್ದು. ಇವೆಲ್ಲದರಲ್ಲೂ ನಡೆಯುವುದು ಒಂದೇ. ಕಾಳಿನ ಪಿಷ್ಟ ತನ್ನೊಳಗಿನ ನೀರಿನಲ್ಲೇ ಬೆಂದುಬಿಡುತ್ತದೆ; ಮತ್ತೆ ಬೇಯಿಸುವ ಅಗತ್ಯ ಉಳಿಯುವುದಿಲ್ಲ, ತಣ್ಣೀರೋ ಮಜ್ಜಿಗೆಯೋ ಬಿದ್ದರೆ ಸಾಕು. ತೇವ ಹೋಗುವುದರಿಂದ ಬೂಸ್ಟು ಹಿಡಿಯುವುದಿಲ್ಲ, ಹುಳದ ಮೊಟ್ಟೆ ಬದುಕುವುದಿಲ್ಲ. ಹಸಿ ಹಿಟ್ಟಿನ ಕೊಬ್ಬನ್ನು ಕೆಡಿಸಿ ಮುಗ್ಗಲು ಮಾಡುವ ಕಿಣ್ವಗಳೂ ಕಾವಿಗೆ ಸೋಲುತ್ತವೆ. ಸಜ್ಜೆಯ ಹಸಿ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ತಿಂಡಿಯ ಇತಿಹಾಸವನ್ನು ಪಾಕಗ್ರಂಥಗಳಲ್ಲಿ ಹುಡುಕಲು ಹೊರಟವರಿಗೆ ನಿರಾಸೆಯಾಗುವುದು ಸಹಜ. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಅರಸನ ಭೋಗಗಳ ಪುಸ್ತಕ. ಮಂಗರಸನ ಸೂಪಶಾಸ್ತ್ರ ರುಚಿ ಬಲ್ಲವರ ಅಡುಗೆಮನೆಯ ಪುಸ್ತಕ. ಗಾಡಿ ಹೊಡೆಯುವವನು ಮರದಡಿ ಕುಳಿತು ಕಲಸಿಕೊಂಡದ್ದನ್ನು ಬರೆದಿಡುವ ತುರ್ತು ಯಾವ ಆಸ್ಥಾನಕ್ಕೂ ಇರಲಿಲ್ಲ. ಹಾಗಾಗಿ ಸಾಕ್ಷ್ಯವನ್ನು ಅಡ್ಡದಾರಿಯಲ್ಲಿ ಹುಡುಕಬೇಕು, ಬೇರೇನನ್ನೋ ಹೇಳಹೊರಟವರ ಬಾಯಲ್ಲಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಮಾತನ್ನು ಶುದ್ಧಗೊಳಿಸುವ ಜ್ಞಾನಿಗಳನ್ನು ವರ್ಣಿಸುವಾಗ ಸಕ್ತುವನ್ನು, ಎಂದರೆ ಹುರಿದ ಧಾನ್ಯದ ಹಿಟ್ಟನ್ನು, ಜರಡಿ ಹಿಡಿಯುವ ಹೋಲಿಕೆ ಬರುತ್ತದೆ. ಕೇಳುವವರೆಲ್ಲರೂ ಕಂಡ ಕೆಲಸವಾಗಿದ್ದರಿಂದಲೇ ಅದು ಹೋಲಿಕೆಗೆ ಒದಗಿತು. ಚರಕಸಂಹಿತೆಯಂತೂ ಸಕ್ತುವನ್ನು ಬರಿದಾಗಿ ತಿನ್ನಬಾರದು, ರಾತ್ರಿ ತಿನ್ನಬಾರದು, ಊಟವಾದ ಮೇಲೆ ತಿನ್ನಬಾರದು, ಹೆಚ್ಚು ತಿನ್ನಬಾರದು ಎಂದು ಸಾಲಾಗಿ ಎಚ್ಚರಿಸುತ್ತದೆ. ಜನ ಈ ಎಲ್ಲವನ್ನೂ ಮಾಡುತ್ತಿದ್ದರು ಎಂಬುದಕ್ಕೆ ವೈದ್ಯನ ಈ ಬೇಸರಕ್ಕಿಂತ ಒಳ್ಳೆಯ ಪುರಾವೆ ಬೇಕೆ?

ದಾರಿಯ ಸಂಬಂಧ ಇನ್ನೂ ಸ್ಪಷ್ಟವಾಗಿ ಕಾಣುವುದು ಎರಡು ಕಥೆಗಳಲ್ಲಿ. ಬೌದ್ಧರ ವಿನಯಪಿಟಕದ ಪ್ರಕಾರ, ಜ್ಞಾನೋದಯದ ನಂತರ ಬುದ್ಧನಿಗೆ ಮೊದಲು ಆಹಾರ ಕೊಟ್ಟವರು ತಪುಸ್ಸ ಮತ್ತು ಭಲ್ಲಿಕ ಎಂಬ ಇಬ್ಬರು ವರ್ತಕರು. ದಾರಿಯಲ್ಲಿ ಹೋಗುತ್ತಿದ್ದವರು ಅವರು. ಕೊಟ್ಟದ್ದು ಹುರಿಹಿಟ್ಟಿನ ಮಂಥ ಮತ್ತು ಜೇನು ಬೆರೆಸಿದ ಉಂಡೆ. ಅಡುಗೆ ಮಾಡಿ ಬಡಿಸಿದರು ಎಂದು ಕಥೆ ಹೇಳುವುದಿಲ್ಲ. ತಮ್ಮಲ್ಲಿ ಇದ್ದದ್ದನ್ನು ತೆಗೆದು ಕೊಟ್ಟರು. ಇನ್ನೊಂದು ಭಾಗವತದ ಕುಚೇಲನ ಕಥೆ. ದ್ವಾರಕೆಗೆ ಹೊರಟ ಗಂಡನಿಗಾಗಿ ಹೆಂಡತಿ ನೆರೆಹೊರೆಯವರಲ್ಲಿ ಬೇಡಿ ತಂದದ್ದು ನಾಲ್ಕು ಹಿಡಿ ಅವಲಕ್ಕಿ, ಕಟ್ಟಿಕೊಟ್ಟದ್ದು ಬಟ್ಟೆಯ ಚೂರಿನಲ್ಲಿ. ಭಕ್ತಿಯ ಕಣ್ಣಿಗೆ ಇದು ಬಡತನದ ಕಾಣಿಕೆ. ದಾರಿಯ ಕಣ್ಣಿಗೆ ಬೇರೆಯೇ ಕಾಣುತ್ತದೆ: ಬಟ್ಟೆಯ ಗಂಟಿನಲ್ಲಿ ಕಟ್ಟಿ, ಊರೂರು ನಡೆದು, ಕೊನೆಗೆ ತೆಗೆದು ಬಾಯಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲೇ ತಲುಪಿಸಬಹುದಾದ ಆಹಾರ ಹೆಚ್ಚಿರಲಿಲ್ಲ. ಅನ್ನ ಒಯ್ದಿದ್ದರೆ ಕಥೆ ದ್ವಾರಕೆ ಮುಟ್ಟುವ ಮುನ್ನವೇ ಹಳಸುತ್ತಿತ್ತು. ಈ ಕಥೆಗಳು ಇತಿಹಾಸದ ಘಟನೆಗಳೇ ಎಂದು ನಾನು ವಾದಿಸುತ್ತಿಲ್ಲ. ಹೇಳಿದವರಿಗೂ ಕೇಳಿದವರಿಗೂ ಪ್ರಯಾಣಿಕನ ಗಂಟಿನಲ್ಲಿ ಏನಿರಬೇಕು ಎಂಬುದು ಗೊತ್ತಿತ್ತು ಎನ್ನುವುದಕ್ಕೆ ಇವು ಸಾಕು.

ಕನ್ನಡದಲ್ಲೇ ಇದಕ್ಕೆ ಹತ್ತಿರದ ಮಾತು ಕನಕದಾಸರ ರಾಮಧಾನ್ಯ ಚರಿತೆಯಲ್ಲಿದೆ. ಭತ್ತಕ್ಕೂ ರಾಗಿಗೂ ಹಿರಿಮೆಯ ಜಗಳ ಹತ್ತಿದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಬಡವರ ಪರವಾದ ಕಾವ್ಯವೆಂದು ಇದನ್ನು ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ಅಲ್ಲಿ ಗೆಲುವನ್ನು ತೀರ್ಮಾನಿಸುವ ಅಳತೆಗೋಲು ಎಂಥದ್ದೆಂದು ಗಮನಿಸಿ: ಪರಿಮಳವಲ್ಲ, ಬಣ್ಣವಲ್ಲ, ಬಾಳಿಕೆ. ಮಳೆ ನೆಚ್ಚಲಾಗದ ಬಯಲುಸೀಮೆಯಲ್ಲಿ ಕಣಜದಲ್ಲಿ ವರ್ಷಗಟ್ಟಲೆ ನಿಲ್ಲುವ ಕಾಳಿಗೆ ಸಿಗಬೇಕಾದ ಗೌರವ ಅದು. 1800ರಲ್ಲಿ ಮೈಸೂರು ಸೀಮೆಯಲ್ಲಿ ಅಲೆದ ಫ್ರಾನ್ಸಿಸ್ ಬುಕಾನನ್ ಕೂಡ ಒಣಭೂಮಿಯ ಬೆಳೆಗಳಲ್ಲಿ ರಾಗಿಯನ್ನೇ ಮುಖ್ಯವೆಂದು ಗುರುತಿಸಿದ. ಕಣಜದಲ್ಲಿ ಬಾಳುವ ಕಾಳನ್ನು ಗಂಟಿನಲ್ಲೂ ಬಾಳುವಂತೆ ಮಾಡುವ ವಿದ್ಯೆ ಹುರಿಯುವುದು.

ಸೌದೆ ಉಳಿತಾಯವೊಂದೇ ಕಾರಣವೆಂದರೆ ಒಪ್ಪುವುದು ಕಷ್ಟ. ದಾರಿಯಲ್ಲಿ ಪುಳ್ಳೆ ಸಿಗುತ್ತಿತ್ತು, ಮೂರು ಕಲ್ಲು ಎಲ್ಲಿ ಬೇಕಾದರೂ ಸಿಗುತ್ತಿತ್ತು. ಗಾಡಿ ಬಿಚ್ಚಿದ ಕಡೆ ಅಡುಗೆ ಮಾಡಿಕೊಂಡವರು ಬೇಕಾದಷ್ಟು ಜನ. ಅಂಥ ಕಡೆಯಲ್ಲೂ ಹುರಿದ ತಿಂಡಿ ಉಳಿದದ್ದಕ್ಕೆ ಕಾರಣ ಜಾತಿ. ನೀರಿನಲ್ಲಿ ಬೇಯಿಸಿದ ಅನ್ನಕ್ಕೆ ಮಡಿ, ಮುಸುರೆಗಳ ಕಟ್ಟುಪಾಡು ಬಿಗಿ. ಯಾರು ಬೇಯಿಸಿದರು, ಯಾವ ಪಾತ್ರೆಯಲ್ಲಿ, ಯಾರ ಬಾವಿಯ ನೀರಿನಲ್ಲಿ ಎಂಬ ಪ್ರಶ್ನೆಗಳು ಅದರ ಬೆನ್ನಿಗಿವೆ. ಅರಳು, ಅವಲಕ್ಕಿ, ಪುರಿಗಳಿಗೆ ಆ ಬಿಗಿ ಇಲ್ಲ. ಒಪ್ಪತ್ತು ಮಾಡುವವರು ಅನ್ನ ಬಿಟ್ಟು ಅವಲಕ್ಕಿಯ ಫಲಾಹಾರ ಮಾಡುವುದು ಇದೇ ವಿಂಗಡಣೆಯಿಂದ. ಪರಊರಿನಲ್ಲಿ ಸ್ವಜಾತಿಯ ಮನೆ ಸಿಗದವನಿಗೆ ಗಂಟಿನ ಹುರಿಹಿಟ್ಟು ಹೊಟ್ಟೆಯನ್ನೂ ಮಡಿಯನ್ನೂ ಒಟ್ಟಿಗೆ ಕಾಯುತ್ತಿತ್ತು. ಇದಕ್ಕೊಂದು ಒಳವಿರೋಧವೂ ಇದೆ. ಕಟ್ಟುಪಾಡು ಸಡಿಲವಾಗಿದ್ದರಿಂದಲೇ ಹುರಿಯುವ ಕೆಲಸ ಜಾತಿಯ ಗೋಡೆ ದಾಟಿತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹಲವನ್ನು ನಡೆಸುವವರು ಮುಸ್ಲಿಂ ಕುಟುಂಬಗಳು. ಜಾತ್ರೆಯಿಂದ ಮನೆಗೆ ಬರುವ ಪುರಿ ಯಾವ ಭಟ್ಟಿಯದೆಂದು ಕೇಳುವವರಿಲ್ಲ. ಊಟದಲ್ಲಿ ದೂರವಿಟ್ಟವರನ್ನು ತಿಂಡಿಯಲ್ಲಿ ಹತ್ತಿರ ಬಿಟ್ಟುಕೊಂಡ ಸಮಾಜ ನಮ್ಮದು, ಅದೂ ತನಗೆ ಅನುಕೂಲವಾದಷ್ಟು ಮಾತ್ರ.

ತಂಬಿಟ್ಟು, ಎಳ್ಳುಂಡೆಗಳು ಹಬ್ಬದ ತಿನಿಸುಗಳಲ್ಲವೇ, ಅವನ್ನು ದಾರಿಗೆ ತಳುಕು ಹಾಕುವುದೇಕೆ ಎಂದು ಯಾರಾದರೂ ಕೇಳಬಹುದು. ನಾಗರಪಂಚಮಿಯನ್ನೇ ತೆಗೆದುಕೊಳ್ಳೋಣ. ಆ ದಿನ ಹಲವು ಮನೆಗಳಲ್ಲಿ ಹೆಂಚು ಇಡುವುದಿಲ್ಲ, ಕರಿಯುವುದಿಲ್ಲ. ಹಳೆ ಮೈಸೂರಿನ ಮನೆಗಳಲ್ಲಿ ನಾಗನಿಗೆ ಇಡುವ ಚಿಗಳಿ ಮತ್ತು ತನಿ ತಂಬಿಟ್ಟುಗಳು ಅಕ್ಷರಶಃ ಬೆಂಕಿ ಮುಟ್ಟದವು: ಎಳ್ಳು ಬೆಲ್ಲ ಕುಟ್ಟಿದರೆ ಚಿಗಳಿ, ನೆನೆಸಿ ಆರಿಸಿದ ಅಕ್ಕಿಯ ಹಿಟ್ಟಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ ಹಸಿಯಾಗಿಯೇ ಉಂಡೆ ಕಟ್ಟಿದರೆ ತನಿ ತಂಬಿಟ್ಟು. ಇಂದಿನ ಬೇಯಿಸದ ಉಂಡೆಗೆ ನಿಜವಾದ ಪೂರ್ವಜರನ್ನು ಹುಡುಕುವವರು ಇಲ್ಲಿಗೇ ಬರಬೇಕು. ಆದರೆ ಈ ತನಿ ತಂಬಿಟ್ಟು ಅಂದಂದಿಗೆ ಮಾತ್ರ. ಹಸಿ ಅಕ್ಕಿಯ ತೇವಕ್ಕೆ ಹಸಿ ಕಾಯಿಯ ತೇವ ಸೇರಿದ ಮೇಲೆ ಮರುದಿನಕ್ಕೆ ಅದು ಹುಳಿ ವಾಸನೆ ಹೊಡೆಯುತ್ತದೆ. ದೂರ ಒಯ್ಯುವ ತಂಬಿಟ್ಟಿಗೆ ಅಕ್ಕಿಯನ್ನೂ ಹುರಿಗಡಲೆಯನ್ನೂ ಹುರಿದು ಬೀಸಿ, ಬೆಲ್ಲದ ಪಾಕ ಹಾಕಿಯೇ ಕಟ್ಟಬೇಕು, ಹಸಿ ಕಾಯಿಯ ಬದಲು ಕೊಬ್ಬರಿ ಬಳಸಬೇಕು. ಒಂದೇ ಹೆಸರಿನ ಎರಡು ತಿಂಡಿಗಳು ದೇವರ ಮುಂದೆ ಒಂದು, ದಾರಿಯ ಮೇಲೆ ಇನ್ನೊಂದು ಎಂದು ಕವಲೊಡೆದಿರುವುದು ನನ್ನ ವಾದಕ್ಕೆ ಸಿಗುವ ಗಟ್ಟಿ ಆಧಾರ. ಬೆಂಕಿಯನ್ನು ಪೂರ್ತಿ ಬಿಟ್ಟ ತಿಂಡಿಗೆ ಹೊಸಿಲು ದಾಟುವ ತ್ರಾಣವಿರಲಿಲ್ಲ.

ಪರಂಪರೆಯನ್ನು ಹೊಗಳುವವರು ಮರೆಯುವ ಇನ್ನೊಂದು ಸಂಗತಿ, ಈ ಉಂಡೆಗಳೆಲ್ಲ ಒಂದೇ ವಯಸ್ಸಿನವಲ್ಲ. ಧಾರವಾಡದ ಕಡೆ ಪಂಚಮಿಗೆ ತಟ್ಟೆ ತುಂಬ ಉಂಡಿ ಇಡುತ್ತಾರೆ: ಎಳ್ಳಿನದು, ಶೇಂಗಾದ್ದು, ಗುಳ್ಳಡಕಿಯದು, ಬೇಸನ್ನಿನದು. ಅದರಲ್ಲಿ ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ನಮ್ಮ ಒಣಭೂಮಿಗಳಲ್ಲಿ ಅದು ವ್ಯಾಪಕವಾಗಿ ಹಬ್ಬಿದ್ದು 19ನೇ ಶತಮಾನದಲ್ಲಿ ಮತ್ತು ಆಮೇಲೆ. ಎಳ್ಳುಂಡಿಯ ಪಕ್ಕ ಕುಳಿತ ಶೇಂಗಾ ಉಂಡಿ ಹಬ್ಬಕ್ಕೆ ಬಂದ ಹೊಸ ನೆಂಟ. ಬಂದು ಹಿರಿಯನಂತೆ ಕುಳಿತುಬಿಟ್ಟಿದೆ. ಸಿಹಿಯ ವಿಷಯವೂ ಹೀಗೆಯೇ. 1911ರಲ್ಲಿ ಕಟ್ಟತೊಡಗಿದ ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಮಂಡ್ಯದ ಹೊಲಗಳಿಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಆ ಸೀಮೆ ಕಬ್ಬಿನ ಸೀಮೆಯಾಯಿತು. ಅದಕ್ಕೂ ಮುನ್ನ ಬಯಲುಸೀಮೆಯ ಕೂಲಿಯವನ ಹುರಿಹಿಟ್ಟಿಗೆ ದಿನವೂ ಬೆಲ್ಲ ಬೀಳುತ್ತಿತ್ತೆಂದು ನಂಬುವುದು ಕಷ್ಟ. ಉಪ್ಪು, ಮಜ್ಜಿಗೆ, ಈರುಳ್ಳಿಯೊಡನೆ ಕಲಸಿದ್ದೇ ಹೆಚ್ಚಿರಬೇಕು. ಹಾಗಾಗಿ ಸಿಹಿ ಉಂಡೆಯೇ ಮೂಲರೂಪ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಉಳ್ಳವರ ಮನೆಯ ಮತ್ತು ಹಬ್ಬದ ದಿನದ ನೆನಪು ಎಲ್ಲರ ನೆನಪಾಗಿ ಹರಡಿದೆ, ಅಷ್ಟೆ.

ಉತ್ತರ ಕರ್ನಾಟಕದವರು ಇನ್ನೊಂದು ತಕರಾರು ಎತ್ತಬಹುದು: ನಮ್ಮಲ್ಲಿ ಊರಿಗೆ ಹೊರಟವರು ಕಟ್ಟಿಕೊಂಡದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಹುರಿಹಿಟ್ಟಿನ ಕಥೆ ನಮಗೇಕೆ? ನ್ಯಾಯವಾದ ತಕರಾರು. ಆದರೆ ಕಟಕ ರೊಟ್ಟಿಯ ತತ್ವವೂ ಬೇರೆಯದಲ್ಲ. ಹೆಂಚಿನ ಮೇಲೆ ಬೆಂದ ಮೇಲೂ ಒಲೆಯ ಪಕ್ಕ ಒಣಗಿಸಿ ತೇವವನ್ನೆಲ್ಲ ಕಳೆದದ್ದರಿಂದಲೇ ಅದು ವಾರಗಟ್ಟಲೆ ಕೆಡದೆ ಇರುತ್ತದೆ. ಬೆಂಕಿ ಮೊದಲು, ಪ್ರಯಾಣ ಆಮೇಲೆ. ಜೋಳದ ಸೀಮೆ ಅದನ್ನು ರೊಟ್ಟಿಯಲ್ಲಿ ಸಾಧಿಸಿತು, ರಾಗಿಯ ಸೀಮೆ ಹಿಟ್ಟಿನಲ್ಲಿ, ಮಲೆನಾಡು ಕರಾವಳಿಗಳು ಅವಲಕ್ಕಿಯಲ್ಲಿ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟನ್ನರ ತ್ಸಾಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟು. ಬೆಣ್ಣೆ ಹಾಕಿದ ಚಹಾದಲ್ಲಿ ಬೆರಳಿನಿಂದ ಕಲಸಿ ಮುದ್ದೆ ಮಾಡಿ ತಿನ್ನುತ್ತಾರೆ. ಹಿಮಾಲಯದಾಚೆಯ ಪ್ರಸ್ಥಭೂಮಿಯೂ ದಖ್ಖನ್ ಪ್ರಸ್ಥಭೂಮಿಯೂ ಒಂದೇ ಉಪಾಯಕ್ಕೆ ಬಂದಿದ್ದವು.

ಹಾಗಿದ್ದರೆ ಈ ತಿಂಡಿಗಳು ದಾರಿಯನ್ನು ಬಿಟ್ಟದ್ದು ಯಾವಾಗ? ನನ್ನ ತಿಳಿವಳಿಕೆಯಲ್ಲಿ ರೈಲು ಬಂದ ಮೇಲೆ. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ರೈಲು ಓಡತೊಡಗಿತು. ದಿನಗಟ್ಟಲೆಯ ದಾರಿಗಳು ಗಂಟೆಗಳ ದಾರಿಗಳಾಗತೊಡಗಿದವು. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ ಬೆಂಕಿಯೇ ಪ್ರಯಾಣಿಕನ ಬಳಿಗೆ ಬಂದದ್ದು. ಮದ್ದೂರು ವಡೆಯನ್ನು 1917ರಲ್ಲಿ ಅಲ್ಲಿನ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಮೊದಲು ಮಾಡಿದರೆಂದು ಹೇಳುತ್ತಾರೆ. ರೈಲು ನಿಲ್ಲುವ ಹೊತ್ತಿಗೆ ಬಾಣಲೆ ಕಾದಿರುತ್ತಿತ್ತು. ಪೇಟೆಗಳಲ್ಲಿ ಉಡುಪಿಯವರ ಹೋಟೆಲುಗಳು ಎದ್ದವು. ಇಂದಿನ ಎಂಟಿಆರ್ 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಶುರುವಾಯಿತು. ಅಡುಗೆಯವರು ಯಾರೆಂಬ ಹಳೆಯ ಪ್ರಶ್ನೆಗೆ ಉತ್ತರ ಬೋರ್ಡಿನ ಮೇಲೇ ಇತ್ತು. ಬಿಸಿ ಇಡ್ಲಿ ದುಡ್ಡಿಗೆ ಸಿಗುವಾಗ, ಅದೂ ಮಡಿಗೆ ಭಂಗವಿಲ್ಲದೆ ಸಿಗುವಾಗ, ಗಂಟು ಬಿಚ್ಚಿ ಹುರಿಹಿಟ್ಟು ಕಲಸುವವರಾರು? ಅದು ಮಗುವಿನ ಬಟ್ಟಲಿಗೂ ಬಾಣಂತಿಯ ತಟ್ಟೆಗೂ ಹಬ್ಬದ ನೈವೇದ್ಯಕ್ಕೂ ಸರಿಯಿತು.

ಸರಿದರೂ ಅಳಿಯಲಿಲ್ಲ, ಸರ್ಕಾರದ ಕೈಗೆ ಹೋಯಿತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಎಂದರೆ ಸಿಎಫ್‌ಟಿಆರ್‌ಐ, ಶೇಂಗಾ ಮತ್ತು ಕಡಲೆಯ ಹಿಟ್ಟಿನಿಂದ ಅಗ್ಗದ ಪೌಷ್ಟಿಕ ಆಹಾರ ರೂಪಿಸಿತು; ಹುರಿದ ಧಾನ್ಯ, ಬೇಳೆ, ಬೆಲ್ಲ ಸೇರಿಸಿದ ಎನರ್ಜಿ ಫುಡ್ ಎಂಬ ಹಿಟ್ಟೂ ಅಲ್ಲಿಂದಲೇ ಬಂತು. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಶುರುವಾಗಿ ರಾಜ್ಯವೆಲ್ಲ ಹಬ್ಬಿದ ಅಂಗನವಾಡಿಗಳು ಮಕ್ಕಳಿಗೆ ಹಂಚಿದ್ದು ಇಂಥ ಹಿಟ್ಟುಗಳನ್ನೇ. ಮೈಸೂರಿನದೇ ಆದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರ ಬುತ್ತಿಯನ್ನು ಕಟ್ಟುತ್ತ ಬಂತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿನಿಸುಗಳೂ ಅಲ್ಲೇ ತಯಾರಾದವು. ಒಲೆ ಹಚ್ಚಲಾಗದ ದಾರಿಗಳಲ್ಲಿ ಅದಕ್ಕಿಂತ ದೂರದ್ದು ಇನ್ನಾವುದಿದೆ?

ಅಜ್ಜಿಯರ ಜಾಣ್ಮೆಯನ್ನು ಕೊಂಡಾಡುವ ಮಾತಿಗೆ ನನ್ನ ಆಕ್ಷೇಪವೂ ಒಂದಿದೆ. ದಾರಿಯಲ್ಲಿದ್ದವನಿಗೆ ಈ ತಿಂಡಿ ಸಲೀಸು, ಮನೆಯಲ್ಲಿದ್ದವಳಿಗೆ ಅಲ್ಲ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಾಳು ಸೀಯದಂತೆ ಕೈಯಾಡಿಸಿ, ಅರಳು ಸಿಡಿಯುವಾಗ ಮುಖ ತಪ್ಪಿಸಿ, ಆಮೇಲೆ ಬೀಸುಕಲ್ಲಿನ ಮುಂದೆ ಕೂರಬೇಕಿತ್ತು. ಅವಲಕ್ಕಿಗಾದರೆ ಬಿಸಿ ಆರುವುದರೊಳಗೆ ಒನಕೆ ಎತ್ತಬೇಕಿತ್ತು. ಊರಿಗೊಂದು ಗಿರಣಿ ಬಂದಾಗ ಈ ಕೆಲಸವನ್ನು ಕೈಬಿಟ್ಟವರು ಪರಂಪರೆಗೆ ದ್ರೋಹ ಮಾಡಿದರೆಂದು ಹೇಳುವ ಹಕ್ಕು, ಬೀಸುಕಲ್ಲು ಹಿಡಿಯದವರಿಗೆ ಇಲ್ಲ. ಆರೋಗ್ಯದ ಹೊಗಳಿಕೆಯನ್ನೂ ಸ್ವಲ್ಪ ತಡೆದು ನೋಡಬೇಕು. ಬೆಲ್ಲ, ಎಳ್ಳು, ತುಪ್ಪ ಸೇರಿದ ಉಂಡೆ ಹಗಲಿಡೀ ಎತ್ತಿನ ಜೊತೆ ನಡೆದವನ ಆಹಾರವಾಗಿತ್ತು. ಕುರ್ಚಿಯಲ್ಲಿ ಕುಳಿತವನಿಗೆ ಅದೇ ಅಳತೆ ಸಲ್ಲದು, ಅದರ ಹೆಸರು ಶಕ್ತಿಯುಂಡೆ ಎಂದಾದರೂ ಅಷ್ಟೆ.

ಇಷ್ಟಾದ ಮೇಲೆ ಇಂದಿನ ಉಂಡೆಯನ್ನು ಬಿಡಿಸಿ ನೋಡಿದರೆ ಹಳೆಯ ವ್ಯವಸ್ಥೆಯೇ ಹೊಸ ಜಾಗಗಳಲ್ಲಿ ಕಾಣುತ್ತದೆ. ಓಟ್ಸ್ ಹಸಿ ಧಾನ್ಯವೆಂದುಕೊಂಡವರೇ ಹೆಚ್ಚು. ಪೊಟ್ಟಣದ ಓಟ್ಸನ್ನು ಕಾರ್ಖಾನೆಯಲ್ಲಿ ಹಬೆಯಲ್ಲಿ ಬೇಯಿಸಿ, ರೋಲರುಗಳ ನಡುವೆ ಚಪ್ಪಟೆ ಮಾಡಿ, ಒಣಗಿಸಿರುತ್ತಾರೆ. ಕಾವು ಕೊಡದಿದ್ದರೆ ಅದರ ಕೊಬ್ಬು ಬೇಗ ಮುಗ್ಗುತ್ತದೆ. ಅವಲಕ್ಕಿಯ ದೂರದ ನೆಂಟನೇ ಅದು. ಪೀನಟ್ ಬಟರ್ ಹುರಿದ ಶೇಂಗಾದಿಂದ ಆದದ್ದು. ಭಟ್ಟಿಯವನ ಬೆಂಕಿ ಕಾರ್ಖಾನೆಗೆ ಹೋಯಿತು, ಕಣ್ಣಿಗೆ ಬೀಳದಾಯಿತು. ದಾವಣಗೆರೆಯ ಭಟ್ಟಿಗಳ ಹೊಗೆಯ ಬಗ್ಗೆ, ಅಲ್ಲಿ ಹಳೆಯ ಟೈರು ಸುಟ್ಟ ಬಗ್ಗೆ ದೂರುಗಳೆದ್ದಂತೆ ಓಟ್ಸಿನ ಹಬೆಯ ಬಗ್ಗೆ ಇಲ್ಲಿ ಯಾರೂ ದೂರುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ನಿಜವಾದ ಅಂತರವಿರುವುದು ಕೊನೆಯ ಹಂತದಲ್ಲಿ. ತಂಬಿಟ್ಟನ್ನು ಗಟ್ಟಿ ಮಾಡುವುದು ಬೆಲ್ಲದ ಪಾಕ. ಹೊಸ ಉಂಡೆಗಳಿಗೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ ಎಂಬ ಸೂಚನೆ ಇದ್ದೇ ಇರುತ್ತದೆ. ಒಲೆಯಿಂದ ಬಿಡಿಸಿಕೊಂಡ ತಿಂಡಿ ವಿದ್ಯುತ್ತಿಗೆ ಕಟ್ಟುಬಿದ್ದಿದೆ. ಚಾಕೊಲೇಟ್ ಲೇಪಿಸಿದ ಅಂಥ ಉಂಡೆಯನ್ನು ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಸ್ಸಿಗೆ ಹತ್ತಿಸಿದರೆ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಡಬ್ಬಿಯ ತಳಕ್ಕೆ ಅಂಟಿಕೊಂಡಿರುತ್ತದೆ. ಹುರಿಹಿಟ್ಟಿಗೆ ಆ ಬಿಸಿಲು ಲೆಕ್ಕಕ್ಕಿಲ್ಲ, ಅದು ಅದಕ್ಕಿಂತ ಹೆಚ್ಚಿನ ಕಾವನ್ನು ಬಾಣಲೆಯಲ್ಲೇ ಕಂಡು ಬಂದದ್ದು.